ಶೆಟ್ಟಮ್ಮನೂ ಜೆರೂಸಲೇಮಿನ ಗೊಂಬೆಗಳೂ

ಆ ಭಾನುವಾರ ಬೆಳಿಗ್ಗೆಯಿಂದ ವಾರಿಜಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗಿರಿನಗರದ ಮನೆಯಿಂದ ಹೊರಡುವ ಗಡಿಬಿಡಿಯಲ್ಲಿ ಭಾಷಣದ ಹಾಳೆಗಳು ಕೆಳಗೆ ಬಿದ್ದು ಕಾಲಿಗೆ ತಾಗಿದವು. ಬಗ್ಗಿ ಎತ್ತಿ, ಕಣ್ಣಿಗೊತ್ತಿಕೊಂಡು, ಬಸ್ಸಿಗೆ ಓಡಿದಳು. ಮಹಿಳಾ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವ ಈಕೆ ದೇವರಿಗೆ ಕೈಮುಗಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೆ ಸಾವಿರಾರು ವರ್ಷದ ಹಿಂದೆ ಇಸ್ರೇಲಿನಲ್ಲಿ ಯಾರು ಯಾರಿಗೆ ಕೈಮುಗಿಯುತ್ತಿದ್ದರು ಎಂದು ಕೇಳಿದರೆ ಸಾಕು, ಊಟ ಬಿಟ್ಟು ಮಾತಾಡುತ್ತಿದ್ದಳು. ಹುಚ್ಚು ಎಲ್ಲರಿಗೂ ಒಂದೊಂದು ಇರುತ್ತದೆ.

ಜಯನಗರದಲ್ಲಿ ಬದರಿನಾಥರ ಮನೆಯ ಹಾಲಿನಲ್ಲಿ ಪ್ರತಿ ಭಾನುವಾರ ಒಂದು ಅಧ್ಯಯನ ಕೂಟ ಸೇರುತ್ತಿತ್ತು. ಬದರಿನಾಥರು ನಿವೃತ್ತ ತತ್ವಶಾಸ್ತ್ರದ ಮೇಷ್ಟ್ರು, ಕೂಟಕ್ಕೆ ಅಧ್ಯಕ್ಷರು. ವರ್ಷಕ್ಕೊಮ್ಮೆ ದೊಡ್ಡ ಸಭಾಂಗಣ ಹಿಡಿದು, ಮೈಕು ಕಟ್ಟಿಸಿ, ಕೂಟದ ಉಪನ್ಯಾಸ ಏರ್ಪಡಿಸುತ್ತಿದ್ದರು. ಉಪನ್ಯಾಸಕರು ಯಾರು? ಪ್ರತಿ ವರ್ಷವೂ ಬದರಿನಾಥರೇ. ಮದುವೆ ಮನೆಯಲ್ಲಿ ತಾನೇ ಗಂಡು, ತಾನೇ ಪುರೋಹಿತ ಎಂದಂತೆ. ಎಂಬತ್ತೆರಡರ ದಸರೆಯಲ್ಲಿ ಅದೇನಾಯಿತೋ, "ಇಸ್ರೇಲಿನ ವಿಷಯದಲ್ಲಿ ನನ್ನ ವಾದ ಮುರಿದೋರಿಗೆ ಈ ಸಲದ ಮೈಕು" ಎಂದುಬಿಟ್ಟಿದ್ದರು. ಆ ಮೈಕಿನ ಮುಂದೆ ಅದುವರೆಗೆ ಒಬ್ಬ ಹೆಂಗಸೂ ನಿಂತಿರಲಿಲ್ಲ. ವಾರಿಜಾಗೆ ಅದು ಬೇಕಿತ್ತು, ಬೇಕೇ ಬೇಕಿತ್ತು.

ಹಾಲಿನ ಅರ್ಧವನ್ನು ದಸರೆಯ ಗೊಂಬೆಗಳು ಆಕ್ರಮಿಸಿದ್ದವು. ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿಯರ ಪಟ್ಟದ ಗೊಂಬೆ, ನಡುವೆ ದಶಾವತಾರ, ಪೊಲೀಸಿನವನು, ಕ್ರಿಕೆಟ್ ಆಟಗಾರರು. ಕೆಳಗೆ ನೆಲಕ್ಕೆ ಹತ್ತಿದ ಮೆಟ್ಟಿಲಲ್ಲಿ ಅಕ್ಕಿಬೇಳೆಯ ಪುಟ್ಟ ಅಂಗಡಿ ಹಾಕಿಕೊಂಡು ಡೊಳ್ಳುಹೊಟ್ಟೆಯ ಶೆಟ್ಟಿ, ಪಕ್ಕದಲ್ಲಿ ಮಣ್ಣಿನ ಶೆಟ್ಟಮ್ಮ.

ವಾರಿಜಾ ಎದ್ದು ನಿಂತು ಒಂದೇ ಉಸಿರಿಗೆ ಶುರುಮಾಡಿದಳು. ಜೆರೂಸಲೇಮಿನ ಪುರಾತನ ಮನೆಗಳನ್ನು ಅಗೆದರೆ ಮಣ್ಣಿನ ಸಣ್ಣ ಹೆಣ್ಣುಗೊಂಬೆಗಳು ರಾಶಿ ರಾಶಿ ಸಿಗುತ್ತವೆ, ಎದೆಗೆ ಕೈ ಕೊಟ್ಟು ನಿಂತವು. ಆ ಜನರ ಗ್ರಂಥವೋ ಯೆಹೋವ ಒಬ್ಬನೇ ದೇವರು, ವಿಗ್ರಹ ಕೂಡದು ಎನ್ನುತ್ತದೆ. ಹಾಗಾದರೆ ಈ ಗೊಂಬೆಗಳು ಏನು?

"ಆಟದ ಸಾಮಾನು," ಎಂದರು ಬದರಿನಾಥರು. "ದೇವರು ಒಬ್ಬನೇ ಅಂದ ಜನ ಗೊಂಬೆ ಇಟ್ಟು ಪೂಜೆ ಮಾಡ್ತಾರೇನಮ್ಮ?"

"ಗ್ರಂಥ ಬರೆದೋರು ಪುರೋಹಿತರು ಸಾರ್. ಗೊಂಬೆ ಇಟ್ಕೊಂಡೋರು ಮನೆ ಹೆಂಗಸರು. ನೀವು ತೀರ್ಪು ಮೊದಲೇ ಬರೆದಿಟ್ಟು ಆಮೇಲೆ ಸಾಕ್ಷಿ ಕರೀತೀರಿ! ಅವು ದೇವಿ ವಿಗ್ರಹ, ಅನುಮಾನವೇ ಇಲ್ಲ."

"ಸಖತ್ ಮೇಡಂ!" ಎಂದ ಬ್ಯಾಂಕಿನ ಕಿಟ್ಟಿ. ಅವನಿಗೆ ಇಸ್ರೇಲು ಯಾವ ದಿಕ್ಕೆಂದು ಗೊತ್ತಿರಲಿಲ್ಲ. ಜಗಳವೆಂದರೆ ಹಬ್ಬ.

ಬದರಿನಾಥರು ಕೆರಳಿ ಎದ್ದರು. "ಗೊಂಬೆ ಗೊಂಬೆನೇ! ಮಣ್ಣು! ಅದಕ್ಕೆ ಯಾರೂ..." ಎನ್ನುತ್ತಾ ಹಿಂದೆ ಸರಿದಾಗ ಅವರ ಹಿಮ್ಮಡಿ ಶೆಟ್ಟಮ್ಮನಿಗೆ ತಾಗಿ ಅವಳು ಉರುಳಿದಳು. ಮೇಷ್ಟ್ರು ಬಗ್ಗಿ, ಶೆಟ್ಟಮ್ಮನನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೊತ್ತಿಕೊಂಡು, ಮತ್ತೆ ಕೂರಿಸಿದರು.

ಹಾಲು ಹೋ ಎಂದಿತು. "ಸಿಕ್ಕಿಬಿದ್ರಿ ಸಾರ್! ಆಟದ ಸಾಮಾನಿಗೆ ನಮಸ್ಕಾರ!" ಎಂದು ಕಿಟ್ಟಿ ಕುಣಿದ. ಬದರಿನಾಥರ ಮುಖ ಕೆಂಪಾಯಿತು. ವಾರಿಜಾ ಗೆದ್ದಿದ್ದಳು! ಮೈಕು, ಸಭಾಂಗಣ, ಎಲ್ಲ ಕಣ್ಣೆದುರಿಗೇ ಬಂತು. 'ನೋಡಿದ್ರಾ, ಇದೇ ಪೂಜೆ' ಎಂದರೆ ಮುಗಿಯಿತು. ಬಾಯಿ ತೆರೆದಳು.

ಕೈಯಲ್ಲಿದ್ದ ಹಾಳೆಗಳು ಕಣ್ಣಿಗೆ ಬಿದ್ದವು. ಬೆಳಿಗ್ಗೆ ತಾನೂ ಇವನ್ನು ಕಣ್ಣಿಗೊತ್ತಿಕೊಂಡಿದ್ದಳಲ್ಲ. ಬಿಳಿ ಹಾಳೆ, ಅದರ ಮೇಲೆ ತನ್ನದೇ ಕಾಗೆಕಾಲು ಅಕ್ಷರ. ಅದು ಯಾವ ದೇವಿ? ಇದನ್ನು ಹೇಳದೆ ಸುಮ್ಮನಿದ್ದರೆ ಮೈಕು ತನ್ನದು ಎಂದು ಆಸೆ ಒಳಗಿನಿಂದ ಜಗ್ಗಿತು. ಚೆನ್ನಾಗಿಯೇ ಜಗ್ಗಿತು.

"ಒಂದ್ನಿಮಿಷ," ಎಂದಳು. "ಇದರಿಂದ ನಾನು ಗೆದ್ದ ಹಾಗಾಗಲ್ಲ. ಬೆಳಿಗ್ಗೆ ನಾನು ಈ ಪೇಪರ್‌ಗೂ ಹಿಂಗೇ ಮಾಡಿದೆ. ನಾನು ದೇವರನ್ನ ನಂಬೋಳೇ ಅಲ್ಲ!"

ಕಿಟ್ಟಿಯ ಕುಣಿತ ನಿಂತಿತು. ವಾರಿಜಾ ಮಾತ್ರ ಸೋತವಳಂತೆ ಕಾಣಲಿಲ್ಲ. ಅವಳ ಕಣ್ಣು ಮೊದಲಿಗಿಂತ ಹೊಳೆಯುತ್ತಿತ್ತು. ಉಸಲಿಯ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದ ಮೇಷ್ಟ್ರ ಹೆಂಡತಿ ನಾರಾಯಣಮ್ಮನತ್ತ ತಿರುಗಿದಳು. "ಆಂಟಿ, ಈ ಶೆಟ್ಟಮ್ಮ ದೇವರಾ?"

"ಅಯ್ಯೋ, ದೇವರು ಯಾಕಾಗ್ತಾಳೆ? ಅಂಗಡಿ ಹೆಂಗಸು ಕಣೇ."

"ಮತ್ತೆ ಸಂಜೆ ಆರತಿ ಎತ್ತುತ್ತೀರಲ್ಲ?"

"ಮೆಟ್ಟಿಲ ಮೇಲೆ ಕೂತಿದಾಳಲ್ಲ. ಅವಳೊಬ್ಬಳನ್ನ ಬಿಟ್ಟು ಎತ್ತೋಕಾಗತ್ತಾ?"

"ಕೇಳಿದ್ರಾ ಸಾರ್!" ವಾರಿಜಾ ಹೆಚ್ಚುಕಡಿಮೆ ಕೂಗಿದಳು. "ಆಂಟೀನ ಕಣ್ಣೆದುರಿಗೇ ಕೇಳಿದ್ರೂ ದೇವರಾ, ಆಟದ ಸಾಮಾನಾ ಅಂತ ತೀರ್ಮಾನ ಆಗ್ತಿಲ್ಲ. ಗೊಂಬೆಗಳನ್ನ ವಿಂಗಡಿಸಿ ಹಾಕೋಕೆ ಆ ಎರಡೇ ಡಬ್ಬಿ ನಾವು ಮನೆಯಿಂದ ತಂದಿದ್ದು. ಒಂದು ನಿಮ್ದು, ಒಂದು ನಂದು. ಜೆರೂಸಲೇಮಿನ ಹೆಂಗಸರ ಹತ್ರ ಬೇರೆ ಡಬ್ಬಿ ಇತ್ತೇನೋ. ಹುಡುಕಬೇಕಾಗಿದ್ದು ಅದು!"

ಬದರಿನಾಥರು ಶೆಟ್ಟಮ್ಮನತ್ತ ನೋಡಿ ತಲೆದೂಗಿದರು. "ನಿನ್ನ ಜಾಗದಲ್ಲಿದ್ದಿದ್ರೆ ನಾನು ಬಾಯಿ ಮುಚ್ಕೊಂಡು ಗೆದ್ದುಬಿಡ್ತಿದ್ದೆ," ಎಂದರು. "ನನ್ನ ವಾದದ ಜೊತೆಗೆ ನಿಂದೂ ಮುರಿದೆಯಲ್ಲಮ್ಮ. ಮೈಕು ನಿಂದು. ಇದನ್ನೇ ಮಾತಾಡು."

ವಾರಿಜಾಗೆ ಸಂತೋಷ ತಡೆಯಲಾಗಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಗ್ಗಿ ಮೇಷ್ಟ್ರ ಕಾಲು ಮುಟ್ಟಿದ್ದಳು. ಅವಳು ಯಾರ ಕಾಲಿಗೂ ಬೀಳುವವಳಲ್ಲವೆಂದು ಕೂಟಕ್ಕೆಲ್ಲ ಗೊತ್ತಿತ್ತು.

"ಇದೇನಮ್ಮ, ಯಾವ ಡಬ್ಬಿ?" ಎಂದರು ಬದರಿನಾಥರು, ನಗು ತಡೆಯುತ್ತ.

ವಾರಿಜಾ ಎದ್ದು ಕಣ್ಣೊರೆಸಿಕೊಂಡಳು. "ಗೊತ್ತಿಲ್ಲ ಸಾರ್," ಎಂದಳು.