ಎಲ್ಲರಿಗೂ ಎಪ್ಪತ್ತೆಂಟು

ಫಲಿತಾಂಶದ ದಿನ ಬೆಳಿಗ್ಗೆ ಹತ್ತಕ್ಕೆ ವಿಶ್ವವಿದ್ಯಾಲಯದ ವೆಬ್‌ಸೈಟು ನೆಲಕಚ್ಚುವುದು ವಾಡಿಕೆ. ಈ ಸಲ ಹತ್ತೂಕಾಲಾದರೂ ಗುಂಡುಕಲ್ಲಿನ ಹಾಗೆ ನಿಂತಿತ್ತು. ಕಂಪ್ಯೂಟರ್ ವಿಭಾಗದ ಮೇಡಮ್ಮಿಗೆ ಅನುಮಾನ ಶುರುವಾದದ್ದೇ ಅಲ್ಲಿ. ಕಾಫಿ ಬೇಗ ಬಂದರೂ ಹಾಲು ಒಡೆದಿದೆಯೇನೋ ಎಂದು ಮೂಸಿ ನೋಡುವ ಹೆಂಗಸು ಅವಳು. ಬೆನ್ನ ಹಿಂದೆ ಎಲ್ಲರೂ ಅನುಮಾನದಕ್ಕ ಎನ್ನುತ್ತಿದ್ದರು.

"ಅರವತ್ತು ಸಾವಿರ ಜನ ಮುಗಿಬಿದ್ದಿದಾರೆ. ಇದಕ್ಕೆ ಸುಸ್ತೇ ಆಗ್ಲಿಲ್ವಲ್ಲಪ್ಪ?"

ಹೊಸ ಎಂಜಿನಿಯರ್ ಮೀಸೆಯಡಿ ನಕ್ಕ. "ಒಂದ್ಸಲ ಹುಡುಕಿದ್ದನ್ನ ಎತ್ತಿಟ್ಕೊಂಡು ಮತ್ತೆ ಅದನ್ನೇ ಕೊಡೋ ಹಾಗೆ ಮಾಡಿದೀನಿ ಮೇಡಂ. ಪ್ರತಿ ಸಲ ಹುಡುಕೋ ತಾಪತ್ರಯ ಇಲ್ಲ."

ಅಷ್ಟರಲ್ಲಿ ಮೇಡಮ್ಮಿಗೆ ಮಗಳ ಫೋನು. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು. ಬಾಗಿಲು ಹಾಕಿಕೊಂಡು ಓದುತ್ತೇನೆಂದರೆ ತಾಯಿ ನಂಬಿಕೆಯಿಲ್ಲದೆ ಹೂಂ ಎಂದು ಬಾಗಿಲಿಗೆ ಕಿವಿ ಕೊಡುತ್ತಿದ್ದಳು; ಇವತ್ತು ಬೆಳಿಗ್ಗೆಯೂ ಅದಕ್ಕೇ ಜಗಳವಾಗಿತ್ತು.

"ಅಮ್ಮಾ, ಎಪ್ಪತ್ತೆಂಟು! ಈಗ್ಲಾದ್ರೂ ನಂಬ್ತೀಯಾ?"

"ನಂಬ್ದೆ ಕಣೇ," ಎಂದಳು. ಕಣ್ಣು ತುಂಬಿ ಬಂತು. ಆದರೆ ಚಾಳಿ ಬಿಡಬೇಕಲ್ಲ! ಫೋನಿಟ್ಟವಳೇ ಸೈಟಿನಲ್ಲಿ ಬೇರೊಂದು ರಿಜಿಸ್ಟರ್ ನಂಬರು ಹಾಕಿ ನೋಡಿದಳು. ಗಣಿತ, ಎಪ್ಪತ್ತೆಂಟು. ಇನ್ನೊಂದು ಹಾಕಿದಳು. ಎಪ್ಪತ್ತೆಂಟು. ಹೆಸರು ಅವರವರದೇ, ಅಂಕಗಳು ಮಾತ್ರ ಎಲ್ಲರಿಗಿಂತ ಮೊದಲು ನೋಡಿದವರು ಯಾರೋ, ಅವರದು. ಎಂಜಿನಿಯರ್ ಕಡೆ ತಿರುಗಿದಳು.

"ನಿಲ್ಸು ಸೈಟು!"

"ಕುಲಪತಿಗಳು ಈಗ ತಾನೆ ಫೋನ್ ಮಾಡಿ ಹೊಗಳಿದ್ರು ಮೇಡಂ..."

"ಒಬ್ಬರ ಅಂಕ ಊರಿಗೆಲ್ಲ ಹಂಚ್ತಿದೀಯಲ್ಲಯ್ಯ!"

ಅವಳೇ ಕೈಯಾರೆ ನಿಲ್ಲಿಸಿದಳು. ಮಗಳ ಎಪ್ಪತ್ತೆಂಟೂ ಅದರ ಜೊತೆಗೇ ಹೋಯಿತು.

ಎಂಜಿನಿಯರ್ ಬೆವರೊರೆಸಿಕೊಳ್ಳುತ್ತ, ಎಲ್ಲರಿಗೂ ಒಂದೇ ಆದ ಚಿತ್ರ, ಸೂಚನೆಗಳನ್ನಷ್ಟೇ ಎತ್ತಿಡುವ ಹಾಗೆ ಮಾಡಿದ. ಅಂಕಗಳನ್ನು ಒಬ್ಬೊಬ್ಬರಿಗೂ ಹೊಸದಾಗಿಯೇ ಹುಡುಕಬೇಕು. ಒಂದು ತಾಸಿನ ಮೇಲೆ ಸೈಟು ಏದುಸಿರು ಬಿಡುತ್ತ ಎದ್ದಿತು. ಅವಳು ಮಗಳ ನಂಬರು ಹಾಕಿದಳು. ಗಣಿತ, ಮೂವತ್ತಾರು. ಮೂವತ್ತೈದಕ್ಕೆ ಪಾಸು. ಮೂರು ಸಲ ಹಾಕಿ ನೋಡಿದಳು. ಓದಿದ್ದಳು ಪಾಪ, ಬಾಗಿಲ ಹಿಂದೆ ನಿಜಕ್ಕೂ ಓದಿದ್ದಳು.

ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಮಗಳು ಒಂದೊಂದಾಗಿ ಲೆಕ್ಕ ಹಾಕಿದಳು.

"ಮೊದಲು ಎಪ್ಪತ್ತೆಂಟು. ಆಮೇಲೆ ನೀನೇ ಸೈಟ್ ನಿಲ್ಸಿದೆ. ಈಗ ನೋಡಿದ್ರೆ ಪಾಸಿಗಿಂತ ಸರಿಯಾಗಿ ಒಂದೇ ಒಂದು ಅಂಕ ಜಾಸ್ತಿ. ನಿಜ ಹೇಳಮ್ಮ, ನೀನು ತಿದ್ದಿದ್ಯಾ?"

"ನನ್ನಾಣೆ ಇಲ್ಲ ಕಣೇ! ನೀನೇ ಪಾಸಾಗಿದ್ದು."

"ಹೂಂ," ಎಂದಳು ಮಗಳು. ಬಾಗಿಲಿಗೆ ಕಿವಿ ಕೊಟ್ಟು ತಾಯಿ ಇಷ್ಟು ದಿನ ಹೇಳುತ್ತಿದ್ದದ್ದು ಅದೇ ಹೂಂ.