ಬಿಚ್ಚದ ಬುತ್ತಿ

ಮುಂಬೈಗೆ ಬರುವ ಪ್ರವಾಸಿಗರನ್ನು ಗಲ್ಲಿಗಲ್ಲಿ ಸುತ್ತಿಸಿ, ಎಲ್ಲಿ ಏನು ತಿನ್ನಬೇಕೆಂದು ಹೇಳುವುದೇ ನನ್ನ ಕೆಲಸ. ಸೋಲಾಪುರದ ಕಡೆಯ ಚಪಳಗಾಂವದಿಂದ ಅಕ್ಕ ಸಾರಿಕಾ ಮೊದಲ ಸಲ ಬಂದಾಗಲೂ ಅದನ್ನೇ ಮಾಡಿದೆ. ಅವಳು ತಂದ ಬುತ್ತಿಯ ಗಂಟನ್ನು ಕಪಾಟಿನ ಮೇಲಿಟ್ಟು, "ಇಲ್ಲಿ ಬಂದು ರೊಟ್ಟಿ ಯಾರ ತಿಂತಾರ? ನಡಿ," ಎಂದೆ.

ಎರಡು ದಿನ ದಾದರಿನ ವಡಾಪಾವ್, ಇರಾನಿ ಚಹಾ, ಚೌಪಾಟಿಯ ಕುಲ್ಫಿ ಎಂದು ಸುತ್ತಿಸಿದೆ. ಎಲ್ಲದರಲ್ಲೂ ಅಕ್ಕ ಒಂದೇ ತುತ್ತು ತಿಂದು, "ಸಾಕು ತಮ್ಮಾ," ಎನ್ನುತ್ತಿದ್ದಳು. ನಖರಾ ಎಂದುಕೊಂಡು ರೇಗಿದೆ ಕೂಡ.

ಸೋಲಾಪುರದ ಗಾಡಿ ಹತ್ತಿದ ಮೇಲೆ ಕಿಟಕಿಯಿಂದ ಕೇಳಿದಳು: "ಬುತ್ತಿ ಬಿಚ್ಚಿದೇನೋ?"

ಆಗ ನೆನಪಾಯಿತು. ನಮ್ಮ ಮನೆತನದಲ್ಲಿ ಅಕ್ಕ ತಂದ ಬುತ್ತಿಯನ್ನು ತಮ್ಮನೇ ಬಿಚ್ಚಿ, ಮೊದಲ ತುಂಡನ್ನು ಅವಳ ಕೈಗಿಡಬೇಕು. ಅಲ್ಲಿಯವರೆಗೆ ಅವಳು ತಮ್ಮನ ಊರಲ್ಲಿ ಹೊಟ್ಟೆ ತುಂಬ ಉಣ್ಣುವುದಿಲ್ಲ.

"ಮೊದಲೇ ಹೇಳಬಾರದೇನ, ಅಕ್ಕಾ?"

"ಇಂಥಾದ್ದು ಹೇಳಿ ಮಾಡಿಸ್ಕೋತಾರೇನೋ?"

ಮನೆಗೆ ಬಂದು ಗಂಟು ಬಿಚ್ಚಿದೆ. ಕಡಕ ರೊಟ್ಟಿ, ಶೇಂಗಾ ಚಟ್ನಿ, ಯಾವುದೂ ಕೆಟ್ಟಿರಲಿಲ್ಲ. ಮೊದಲ ತುಂಡು ಮುರಿದೆ. ಗಾಡಿ ಆಗಲೇ ಕಲ್ಯಾಣ ಸ್ಟೇಶನ್ ದಾಟಿರಬೇಕು.