ಹಾಸಿಗೆ ಕಾವಲು

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಯಜಮಾನಿಗೆ ಇಡೀ ಬೀದಿ ಹೆದರುತ್ತಿತ್ತು. ಆಕೆ ಹೆದರುತ್ತಿದ್ದುದು ಒಂದಕ್ಕೇ, ಸೊಸೆ ಹಾಸಿಗೆಯಿಂದ ಏಳುವುದಕ್ಕೆ. ಮೂರು ವರ್ಷದ ಹಿಂದೆ ಸೊಸೆಯ ಮೊದಲ ಬಸಿರು ಐದನೇ ತಿಂಗಳಲ್ಲೇ ಇಳಿದಿತ್ತು. ಈ ಸಲ ಆರನೇ ತಿಂಗಳಿಗೇ ಗರ್ಭಕೋಶದ ಬಾಯಿ ಸಡಿಲವಾಗಿದೆ ಎಂದು ತಿಳಿದದ್ದೇ ತಡ, ಅತ್ತೆ ಅಂಗಡಿಯನ್ನು ಮಗನ ತಲೆಗೆ ಕಟ್ಟಿ, ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಐದು ವಾರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಪಾಪ, ಆ ಹುಡುಗಿ ಸೀನುವುದಕ್ಕೂ ಅಪ್ಪಣೆ ಕೇಳಬೇಕಿತ್ತು.

ಇವತ್ತು ತಪಾಸಣೆಯಲ್ಲಿ ಡಾಕ್ಟರಮ್ಮ ಸೊಸೆಯ ಕಾಲು ಒತ್ತಿ ನೋಡಿ ಮುಖ ಗಂಟಿಕ್ಕಿದರು.

"ಇವರನ್ನ ಮಲಗಿಸಿಡಿ ಅಂತ ಯಾರು ಹೇಳಿದ್ದು? ಮಲಗಿದ್ರೆ ಮಗು ನಿಲ್ಲುತ್ತೆ ಅನ್ನೋದಕ್ಕೆ ಆಧಾರ ಇಲ್ಲಮ್ಮ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ತಾಯಿ ಜೀವಕ್ಕೇ ಅಪಾಯ. ಭಾರ ಎತ್ತೋದು ಬೇಡ, ಮೆಲ್ಲಗೆ ಓಡಾಡ್ಲಿ. ನೋವು ಗೀವು ಬಂದ್ರೆ ತಕ್ಷಣ ಕರ್ಕೊಂಡು ಬನ್ನಿ."

ಯಾರೂ ಹೇಳಿರಲಿಲ್ಲ. ಅತ್ತೆ ತಲೆ ತಗ್ಗಿಸಿದಳು.

ಮನೆಗೆ ಬಂದು ಸೊಸೆ ಪಡಸಾಲೆಯಲ್ಲಿ ನಡೆಯತೊಡಗಿದಳು. ಅತ್ತೆ ಜೀವ ಕೈಯಲ್ಲಿ ಹಿಡಿದುಕೊಂಡು ಹಿಂದೆಯೇ ಹೋದಳು. ಕಿಟಕಿಯವರೆಗೆ ಹನ್ನೊಂದು ಹೆಜ್ಜೆ. ತಿರುಗುವಾಗ ಸೊಸೆ ಗೋಡೆ ಹಿಡಿದು ನಿಂತಳು.

"ಏನಾಯ್ತೇ? ನೋವಾ?"

"ಇಲ್ಲ ಅತ್ತೆ, ಕಾಲು ಜೋಮು ಹಿಡಿದಿದೆ ಅಷ್ಟೇ."

"ಸಾಕು, ಹೋಗಿ ಮಲ್ಕೋ. ಡಾಕ್ಟ್ರಿಗೇನು, ಹೇಳಿ ಕೈ ತೊಳ್ಕೊಂಡ್ರು. ಹೋದ ಸಲ..." ಮೂರು ವರ್ಷ ನುಂಗಿಕೊಂಡಿದ್ದ ಮಾತು ಹೊರಗೆ ಬಂದೇಬಿಟ್ಟಿತು. "ಒದ್ದೆ ಬಟ್ಟೆ ಬುಟ್ಟೀನ ಮಹಡಿಗೆ ಹೊತ್ಕೊಂಡು ಹೋಗು ಅಂತ ಗದರಿಸಿದ್ದು ನಾನೇ ಕಣೇ. ಮಾರನೇ ದಿನವೇ ಹಾಗಾಯ್ತು. ಆ ಕೂಸನ್ನ ಕೊಂದಿದ್ದು ನಾನೇ."

ಸೊಸೆ ಗೋಡೆ ಬಿಟ್ಟು ಅತ್ತೆಯ ಕಡೆ ತಿರುಗಿದಳು.

"ಆ ಬುಟ್ಟಿ ನಾನು ಹೊರಲೇ ಇಲ್ಲ ಅತ್ತೆ. ನಿಮ್ಮ ಮಗನೇ ಹೊತ್ರು. ನಾನು ಹಿಂದಿನ ಕೋಣೇಲಿ ಮಲಗಿದ್ದೆ. ಗೊತ್ತಾದ್ರೆ ನೀವು ಬೈತೀರಿ ಅಂತ ಇಬ್ಬರೂ ಬಾಯಿ ಮುಚ್ಕೊಂಡ್ವಿ."

ಅತ್ತೆ ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಎದೆ ಹಗುರವಾಯಿತು. ಆದರೆ ಅಳು ನಿಲ್ಲುತ್ತಿದ್ದಂತೆ ಬೇರೊಂದು ಹೆದರಿಕೆ ಹುಟ್ಟಿತು. ತಪ್ಪು ತನ್ನದು ಅಂದುಕೊಂಡಿದ್ದಾಗ ಕಾಯುವುದಕ್ಕಾದರೂ ಒಂದು ದಾರಿಯಿತ್ತು. ಯಾರ ತಪ್ಪೂ ಇಲ್ಲದೆ ಹೊರಟುಹೋಗುವ ಜೀವವನ್ನು ಹೇಗೆ ಕಾಯುವುದು?

"ಏಳಿ ಅತ್ತೆ," ಎಂದಳು ಸೊಸೆ. "ನಾನು ಎತ್ತೋ ಹಾಗಿಲ್ಲ, ಭಾರ ಎತ್ಬೇಡಿ ಅಂದಿದಾರೆ."

ಅತ್ತೆಗೆ ಅಳುವಿನ ನಡುವೆಯೇ ನಗು ಬಂತು. ಗೋಡೆ ಹಿಡಿದು ತಾನೇ ಎದ್ದಳು. ಸೊಸೆ ಮತ್ತೆ ಕಿಟಕಿಯ ಕಡೆ ಹೊರಟಳು. ಹೆಜ್ಜೆ ಹೆಜ್ಜೆಗೂ ಅತ್ತೆಯ ಎದೆ ಹೊಡೆದುಕೊಳ್ಳುತ್ತಿತ್ತು, ಆದರೂ ಅವಳು ನಿಲ್ಲು ಎನ್ನಲಿಲ್ಲ.